ನಮ್ಮ ಕರೆಂಟು ನಮ್ಮದೇನಾ?

ಮೇ ತಿಂಗಳ ಒಂದು ಮಧ್ಯಾಹ್ನ, ಆಫೀಸಿನ ಕಾಲ್ ನಡುವೆ ಕರೆಂಟು ಹೋಯಿತು. ಹೊರಗೆ ಬಿಸಿಲು ಧಗಧಗ ಅಂತಿದೆ. ಮನೆ ಮೇಲೆ ಆಗಷ್ಟೇ ಹಾಕಿಸಿದ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ಲುಗಳು ಫಳಫಳ ಹೊಳೀತಿವೆ. ಕೆಳಗೆ ಫ್ಯಾನ್ ನಿಂತಿದೆ, ವೈಫೈ ಸತ್ತಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, "ಇದಕ್ಕಾ ಎರಡು ಲಕ್ಷ ಕೊಟ್ಟಿದ್ದು?" ಅಂದಳು.

ಪ್ಯಾನೆಲ್ ಹಾಕಿದ ಹುಡುಗನಿಗೆ ಫೋನ್ ಮಾಡಿದೆ. "ಸಾರ್, ನಿಮ್ದು ಆನ್‌ಗ್ರಿಡ್ಡು. ಲೈನಲ್ಲಿ ಕರೆಂಟ್ ಇಲ್ಲ ಅಂದ್ರೆ ಇದೂ ತಾನಾಗೇ ಆಫ್ ಆಗುತ್ತೆ. ಇಲ್ಲಾಂದ್ರೆ ಕಂಬ ಹತ್ತಿರೋ ಲೈನ್‌ಮ್ಯಾನ್‌ಗೆ ನಿಮ್ಮನೆ ಕರೆಂಟೇ ಹೊಡೆಯುತ್ತೆ" ಅಂದ. ಬಿಇ ಓದಿದವನಿಗೆ ಇದು ಮೊದಲೇ ಗೊತ್ತಿರಬೇಕಿತ್ತು. ಬ್ಯಾಟರಿ ಇಲ್ಲದ ಈ ಇನ್ವರ್ಟರು ಗ್ರಿಡ್ಡಿನ 50 ಹರ್ಟ್ಸ್ ತಾಳ ಕೇಳಿಸಿಕೊಂಡು ಹೆಜ್ಜೆ ಹಾಕುವ ಯಂತ್ರ. ತಾಳ ನಿಂತರೆ ಕುಣಿತವೂ ಬಂದ್. ಸೂರ್ಯ ಎಷ್ಟೇ ಉರಿದರೂ ಅಷ್ಟೇ.

ನನ್ನ ಮುಖ ಸಪ್ಪಗಾಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಅದರ ಹಿಂದಿನ ವಾರವಷ್ಟೇ ವಿದ್ಯುತ್ ಕಂಪನಿಗೆ ಕಳಿಸಲಿಕ್ಕೆ ಒಂದು ಖಾರವಾದ ಮೇಲ್ ಬರೆದು ಡ್ರಾಫ್ಟಿನಲ್ಲಿ ಇಟ್ಟಿದ್ದೆ. ಎರಡೂವರೆ ಸಾವಿರದ ಸುತ್ತಮುತ್ತ ಬರುತ್ತಿದ್ದ ಬಿಲ್ಲಿನಲ್ಲಿ ಈ ಸಲ ಯೂನಿಟ್ಟಿನ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. ಆದರೆ ನಿಗದಿತ ಶುಲ್ಕ ಅಂತ 435 ರೂಪಾಯಿ ಹಾಗೇ ಕೂತಿತ್ತು. ಕಿಲೋವ್ಯಾಟಿಗೆ 120 ಇದ್ದದ್ದು 2025ರ ಏಪ್ರಿಲ್‌ನಿಂದ 145 ಆಗಿತ್ತು. ಅದರ ಜೊತೆಗೆ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್ಟಿಗೆ 36 ಪೈಸೆ ಬೇರೆ ಇತ್ತು. ನನ್ನ ಮೇಲಿನ ಮೊದಲ ಸಾಲು ಹೀಗಿತ್ತು: "ನನ್ನ ಕರೆಂಟನ್ನು ನಾನೇ ಮಾಡಿಕೊಳ್ಳುವಾಗ ನಿಮಗೆ ಯಾಕೆ ದುಡ್ಡು ಕೊಡಬೇಕು?"

ಫ್ಯಾನಿಲ್ಲದ ಆ ಮಧ್ಯಾಹ್ನ ಬೆವರು ಒರೆಸಿಕೊಳ್ತಾ ಇದನ್ನು ಮತ್ತೆ ಓದಿದಾಗ, ಈ ಮಾತನ್ನು ಎಲ್ಲೋ ಕೇಳಿದೀನಲ್ಲ ಅನ್ನಿಸಿತು. ಕೇಳಿದ್ದು ನಮ್ಮ ಕಣದಲ್ಲಿ, ಅಪ್ಪನ ಬಾಯಲ್ಲಿ.

ನಮ್ಮೂರು ಮಧುಗಿರಿ ಕಡೆ. ಊರಿಗೆ ಒಂದು ಕೆರೆ, ಕೆರೆಗೆ ಒಬ್ಬ ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಪಾಳಿ ಹಾಕುವುದು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ಓಡಾಡುವುದು, ಎಲ್ಲ ಅವನ ಕೆಲಸ. ಸಂಬಳ ಅಂತ ಇಲ್ಲ. ಸುಗ್ಗಿಯಲ್ಲಿ ಕೆರೆ ಕೆಳಗೆ ಗದ್ದೆ ಇದ್ದ ಪ್ರತಿ ಮನೆಯವರೂ ಕಣದಲ್ಲೇ ಅವನ ಪಾಲು ಅಳೆದು ಕೊಡುತ್ತಿದ್ದರು. ನಮ್ಮದು ಮೂರು ಕೊಳಗ ಭತ್ತ. ಬೇಸಿಗೆಯಲ್ಲಿ ಹೂಳು ಎತ್ತಲಿಕ್ಕೆ ಮನೆಗೊಂದು ಆಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೋರ್‌ವೆಲ್ ಕೊರೆಸಿದರು. ಆ ವರ್ಷದ ಸುಗ್ಗಿಗೆ ನೀರುಗಂಟಿ ತಾತ ಎಂದಿನಂತೆ ಚೀಲ ಹಿಡಿದು ಬಂದು ಕಣದ ಅಂಚಲ್ಲಿ ನಿಂತ. ಅಪ್ಪ ಜಗಳವನ್ನೇನೂ ಮಾಡಲಿಲ್ಲ. "ಈ ಸಲ ನಾವು ಕೆರೆ ನೀರು ಮುಟ್ಟಿಲ್ವಲ್ಲಪ್ಪ. ನಮ್ಮ ನೀರು ನಾವೇ ತೆಗ್ದಿದೀವಿ" ಅಂದರು. ತಾತ "ಆಯ್ತು ಗೌಡ್ರೆ" ಅಂತ ಚೀಲ ಮಡಚಿಕೊಂಡು ಹೋದ. ಲೆಕ್ಕದಲ್ಲಿ ಅಪ್ಪನ ಮಾತು ನೂರಕ್ಕೆ ನೂರು ಸರಿ.

ಆಮೇಲೆ ಒಬ್ಬೊಬ್ಬರೇ ಬೋರ್ ಕೊರೆಸಿದರು. ಹೂಳು ಎತ್ತಲಿಕ್ಕೆ ಬರುವ ಮನೆಗಳು ಕಡಿಮೆಯಾದವು. ಬೋರ್ ಹಾಕಿಸುವಷ್ಟು ದುಡ್ಡಿದ್ದವರೇ ಊರಲ್ಲಿ ನಾಲ್ಕು ಜನರನ್ನು ಕರೆದು ಕೆಲಸ ಮಾಡಿಸುವ ತಾಕತ್ತಿದ್ದವರೂ ಆಗಿದ್ದರು. ಅವರೇ ಕೆರೆ ಮರೆತ ಮೇಲೆ ಕೇಳುವವರಿರಲಿಲ್ಲ. ತೂಬು ಕೆಟ್ಟಿತು, ಕಾಲುವೆಯಲ್ಲಿ ಜಾಲಿ ಬೆಳೆಯಿತು. ಬೋರ್ ಇಲ್ಲದವರು ಗದ್ದೆ ಬೀಳು ಬಿಟ್ಟು ಕೂಲಿಗೆ ಹೋದರು. ಕೊನೆಗೆ ಕೆರೆಯಲ್ಲಿ ನೀರು ನಿಲ್ಲುವುದು ಕಡಿಮೆಯಾಗಿ ಬೋರುಗಳೂ ಒಂದೊಂದಾಗಿ ಬತ್ತಿದವು. ಕೆರೆ ನೀರು ಮುಟ್ಟಿಲ್ಲ ಅಂದಿದ್ವಲ್ಲ, ನೆಲದಡಿಯಿಂದ ಅದನ್ನೇ ಕುಡಿಯುತ್ತಿದ್ದೆವು.

ಈಗ ನನ್ನ ಮನೆ ಮಹಡಿಗೆ ಬರೋಣ. ನನ್ನ ಪ್ಯಾನೆಲ್ಲು ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಕೊಡುತ್ತೆ. ಕೊಡೋದು ಬಹುಪಾಲು ಹತ್ತರಿಂದ ಮೂರರವರೆಗೆ, ನಾವಿಬ್ಬರೂ ಸಾಮಾನ್ಯವಾಗಿ ಆಫೀಸಿನಲ್ಲಿರುವ ಹೊತ್ತು. ಅದು ಲೈನಿಗೆ ಹೋಗುತ್ತೆ. ಸಂಜೆ ಬಂದು ಎಸಿ, ಇಂಡಕ್ಷನ್, ಸ್ಕೂಟರ್ ಚಾರ್ಜರ್ ಎಲ್ಲ ಹಾಕಿ ಲೈನಿನಿಂದ ವಾಪಸ್ ತಗೋತೀನಿ. ನೆಟ್ ಮೀಟರಿನಲ್ಲಿ ಒಂದಕ್ಕೆ ಒಂದು ಕಳೆದುಹೋಗುತ್ತೆ. ಆದರೆ ಮಧ್ಯಾಹ್ನದ ಯೂನಿಟ್ಟೂ ಸಂಜೆ ಏಳರ ಯೂನಿಟ್ಟೂ ಒಂದೇ ಅಲ್ಲ. ಸಂಜೆ ಊರಿಗೂರೇ ಸ್ವಿಚ್ ಹಾಕುವಾಗ ಸೂರ್ಯ ಇರಲ್ಲ, ಆಗ ಶರಾವತಿ ಟರ್ಬೈನು ತಿರುಗಬೇಕು, ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯಬೇಕು. ನಮ್ಮ ಫೀಲ್ಡಿನವರಿಗೆ ಅರ್ಥ ಆಗೋ ಹಾಗೆ ಹೇಳೋದಾದರೆ, ಸ್ಟ್ಯಾಂಡ್‌ಬೈ ಸರ್ವರ್ ಒಂದೂ ರಿಕ್ವೆಸ್ಟ್ ತೆಗೆದುಕೊಳ್ಳದಿದ್ದರೂ ಕ್ಲೌಡ್ ಬಿಲ್ ಬರೋದು ತಪ್ಪಲ್ಲ. ನನಗೆ ಇಡೀ ಗ್ರಿಡ್ಡೇ ಸ್ಟ್ಯಾಂಡ್‌ಬೈ. ಅದಕ್ಕೆ 435 ರೂಪಾಯಿ ಕೊಡಲಿಕ್ಕೆ ಕೋಪ.

ಇನ್ನು, ಈ ಲೈನಿನಿಂದ ಕಳಚಿಕೊಳ್ಳುತ್ತಿರುವವರು ಯಾರು ಅಂತ ನೋಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್ ಹಾಕಿಸುವ ದರ್ದಿಲ್ಲ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವನು, ಸ್ವಂತ ಮಹಡಿ ಇರುವವನು, ಎರಡು ಲಕ್ಷ ಒಟ್ಟಿಗೆ ಹೊಂದಿಸಬಲ್ಲವನು, ಅವನು ಹಾಕಿಸುತ್ತಾನೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಸಿಗೋದೂ ಅವನಿಗೇ. ನನಗೂ ಸಿಕ್ಕಿತು. ಅಂದರೆ ಚೆನ್ನಾಗಿ ದುಡ್ಡು ಕಟ್ಟುತ್ತಿದ್ದ ಗಿರಾಕಿಯೇ ಮೊದಲು ಎದ್ದು ಹೋಗುತ್ತಾನೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಖರ್ಚು ಹಾಗೇ ಇರುತ್ತೆ. ಅದು ಉಳಿದವರ ತಲೆಗೆ, ದರ ಮತ್ತೆ ಏರಿಕೆ, ಇನ್ನೊಂದಷ್ಟು ಜನ ಪ್ಯಾನೆಲ್ ಅಂಗಡಿಗೆ.

ಇದು ಬರೀ ನನ್ನ ಊಹೆ ಅಲ್ಲ. ಪಾಕಿಸ್ತಾನದಲ್ಲಿ ಆಗಿದ್ದು ಬಹುಪಾಲು ಇದೇ. ಅಲ್ಲಿ ಕರೆಂಟ್ ದರ ಕೈಗೆ ಸಿಗದಷ್ಟು ಏರಿತು. ಅದೇ ಹೊತ್ತಿಗೆ ಚೀನಾ ಪ್ಯಾನೆಲ್ಲು ಅಗ್ಗವಾಯಿತು. 2024 ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟಿನಷ್ಟು ಪ್ಯಾನೆಲ್ ಆಮದಾಯಿತು. ಆದರೆ ಖಾಸಗಿ ಸ್ಥಾವರಗಳಿಗೆ, ಕರೆಂಟ್ ತಗೊಂಡರೂ ಬಿಟ್ಟರೂ ಕೊಡಬೇಕಾದ ದುಡ್ಡು ಕೊಡಲೇಬೇಕು ಅನ್ನುವ ಒಪ್ಪಂದ ಅವರದು. ಆ ಹೊರೆ ಬಿದ್ದದ್ದು ಲೈನಿನ ಕರೆಂಟನ್ನೇ ನಂಬಿಕೊಂಡವರ ಮೇಲೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಹೊಸಬರ ಮನೆ ಮೇಲಿನ ಕರೆಂಟನ್ನು ಕೊಳ್ಳುವ ಬೆಲೆಯನ್ನು ಯೂನಿಟ್ಟಿಗೆ 27 ರೂಪಾಯಿಯಿಂದ 10ಕ್ಕೆ ಇಳಿಸಲು ಹೊರಟಾಗ, ಪ್ಯಾನೆಲ್ ಹಾಕಿಸುವ ಆಸೆಯಲ್ಲಿದ್ದವರು ಬೈದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಬೈಯುತ್ತಿದ್ದೆ.

ಇದನ್ನು ಕೇಳಿದ ಗೆಳೆಯನೊಬ್ಬ, "ಮಗಾ, ಹಾಗಾದ್ರೆ ಕಲ್ಲಿದ್ದಲೇ ಉರಿಸೋಣ್ವಾ?" ಅಂದ. ಅವನ ಮಾತಲ್ಲೂ ಹುರುಳಿದೆ. ನನ್ನ 12 ಯೂನಿಟ್ಟಿನಷ್ಟು ಕಲ್ಲಿದ್ದಲು ಎಲ್ಲೋ ಉಳಿಯುತ್ತೆ. ಮಧ್ಯಾಹ್ನದ ನನ್ನ ಕರೆಂಟು ಪಕ್ಕದ ಮನೆಯಲ್ಲೇ ಖರ್ಚಾಗೋದರಿಂದ ದೂರದಿಂದ ತರುವ ನಷ್ಟವೂ ಕಡಿಮೆ. ಹಿಂದೆ ದುಬಾರಿ ಕಾಲದಲ್ಲಿ ಹಾಕಿಸಿದವರಿಂದಲೇ ಇವತ್ತು ಅಗ್ಗವಾಗಿರೋದು ಅನ್ನುವುದೂ ಸರಿ. ಹಾಕಿಸುವುದು ತಪ್ಪು ಅಂತ ನನಗನ್ನಿಸಿಲ್ಲ. ನನ್ನನ್ನು ಚುಚ್ಚುತ್ತಿರುವುದು ಹಾಕಿಸಿದ ಮೇಲೆ ತಲೆಗೇರುವ "ನಮ್ಮದು ನಾವೇ ನೋಡ್ಕೋತೀವಿ" ಅನ್ನುವ ಆ ಗತ್ತು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಬಾಡಿಗೆ ಮನೆಯಲ್ಲಿರುವವರು ಅಂತ ಗೊತ್ತು. ನಮ್ಮ ಕೆಳಗಿನ ಮನೆಯಲ್ಲೂ ಬಾಡಿಗೆಗೆ ಒಬ್ಬ ಹುಡುಗ, ಅವನ ಹೆಂಡತಿ ಇದ್ದಾರೆ. ಇಬ್ಬರದೂ ಮನೆಯಿಂದಲೇ ಕೆಲಸ, ಹಾಗಾಗಿ 200 ದಾಟಿಬಿಡುತ್ತೆ, ಪೂರ್ತಿ ಬಿಲ್ ಕಟ್ಟುತ್ತಾರೆ. ಪ್ಯಾನೆಲ್ ಹತ್ತಿಸುವ ದಿನ ಅವನು ಮೇಲೆ ಬಂದು ನೋಡಿ, "ಅಣ್ಣ, ಇದ್ರಲ್ಲಿ ನಮ್ ಮೀಟರಿಗೂ ಸ್ವಲ್ಪ ಬರುತ್ತಾ?" ಅಂತ ಕೇಳಿದ್ದ. ಇಲ್ಲಪ್ಪ, ಒಂದೇ ಮೀಟರಿಗೆ ಅಂದಿದ್ದೆ. ತಮಾಷೆ ಏನು ಅಂದರೆ, ಮಧ್ಯಾಹ್ನ ನಮ್ಮ ಮಹಡಿಯ ಕರೆಂಟು ಕಂಬದವರೆಗೂ ಹೋಗದೆ ಅವನ ಫ್ರಿಜ್ಜಿಗೇ ಹೋಗುತ್ತಿರಬಹುದು. ಅದಕ್ಕೆ ಅವನು ಕಂಪನಿಗೆ ಯೂನಿಟ್ಟಿನ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಾನೆ, ನಾನು ಅದೇ ಯೂನಿಟ್ಟನ್ನು ರಾತ್ರಿ ಪುಕ್ಕಟೆ ವಾಪಸ್ ತಗೋತೀನಿ. ಒಂದೇ ಸೂರು, ಒಂದೇ ಬಿಸಿಲು. ಪಾವಗಡದ ಸೋಲಾರ್ ಪಾರ್ಕಿನಲ್ಲೂ ಹೀಗೇ. 13,000 ಎಕರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಗುತ್ತಿಗೆ ಹಣ. ಅದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ.

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ನೀರುಗಂಟಿ ತಾತನ ಮಾತು ತೆಗೆದೆ. "ಅಪ್ಪ, ಆವತ್ತು ಭತ್ತ ಕೊಡಬೇಕಿತ್ತು ಅಂತ ಅನ್ಸುತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೊಡ್ಬೇಕಿತ್ತು. ಮೂರು ಕೊಳಗ ಏನ್ ದೊಡ್ದು? ಎಲ್ರೂ ಕೊಟ್ಟಿದ್ರೆ ತೂಬಾದ್ರೂ ಉಳೀತಿತ್ತು" ಅಂದರು. ಮತ್ತೆ ಅವರೇ ಶುರುಮಾಡಿದರು: "ಆದ್ರೆ ಬೋರ್ ಕೊರೆಸ್ಬಾರ್ದಿತ್ತು ಅಂತ ಮಾತ್ರ ಅನ್ಬೇಡ. ಆ ಬೋರಿಲ್ದಿದ್ರೆ ನಿನ್ ಬಿಇ ಫೀಸು ಎಲ್ಲಿಂದ ಕಟ್ತಿದ್ದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೋರಿನ ನೀರಿನಲ್ಲಿ ಬೆಳೆದ ಹೂವು ಮಾರಿದ ದುಡ್ಡಿನಲ್ಲೇ ನಾನು ಈ ಮಹಡಿಯವರೆಗೆ ಹತ್ತಿ ಬಂದಿರೋದು.

ಡ್ರಾಫ್ಟಿನಲ್ಲಿದ್ದ ಮೇಲ್ ಅಳಿಸಿ 435 ಕಟ್ಟಿದೆ. ಕೆಳಗಿನ ಮನೆಯ ಬಾಡಿಗೆಯಲ್ಲಿ ತಿಂಗಳಿಗೆ ಐನೂರು ಬಿಡೋಣ ಅಂತ ಹೆಂಡತಿಗೆ ಹೇಳಿದೆ. "ಮೊದಲು ಪ್ಯಾನೆಲ್ ದುಡ್ಡು ಹುಟ್ಟಲಿ" ಅಂದಳು. ಹುಟ್ಟಲಿಕ್ಕೆ ಇನ್ನೂ ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಆ ಹುಡುಗ ಮನೆ ಖಾಲಿ ಮಾಡಿರುತ್ತಾನೆ. ಈ ಬಗ್ಗೆ ನಮ್ಮಿಬ್ಬರ ಮಾತುಕತೆ ಇನ್ನೂ ನಡೀತಾ ಇದೆ.