ಯಾವೂರಪ್ಪಾ ನಿಂದು?

ಗಾಂಧಿ ಬಜಾರಿನ ಒಂದು ಹೋಟೆಲಿನಲ್ಲಿ ನಾನು ಸುಳ್ಳು ಹೇಳಿದೆ. ಬಾಯಿ ಬಿಟ್ಟು ಹೇಳಿದ್ದಲ್ಲ, ತಲೆಯಾಡಿಸಿ ಹೇಳಿದ್ದು. ಆ ಸುಳ್ಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಅನ್ನುವುದನ್ನು ಗೆಳೆಯರ ಮುಂದೆ ಇಡುತ್ತಿದ್ದೇನೆ.

ಉದ್ಯಾವರದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದವನಿಗೆ ಬಸವನಗುಡಿ ನೋಡುವ ಆಸೆ ಬಹಳ ದಿನದ್ದು. 1898ರ ಪ್ಲೇಗಿಗೆ ಪೇಟೆ ತತ್ತರಿಸಿದಾಗ ಜನ ಬಂದು ನೆಲೆಸಿದ ಬಡಾವಣೆ ಅದು. ಮಾಸ್ತಿ, ಡಿ.ವಿ.ಜಿ. ನಡೆದಾಡಿದ ಬೀದಿಗಳು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯ ಕಚೇರಿ ಇದ್ದದ್ದೂ ಬಸವನಗುಡಿಯಲ್ಲೇ. ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾಗಿ ಇವತ್ತಿಗೂ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನ, ಅಂಕಿತ ಪುಸ್ತಕದ ಅಂಗಡಿ, ಹೂವಿನವರು, ಹಣ್ಣಿನವರು. ಶಾಲೆಯಲ್ಲಿ ನಾವು ಉರು ಹೊಡೆದ ಕನ್ನಡದ ದೊಡ್ಡ ಪಾಲು ಇಲ್ಲೇ ಕಾಫಿ ಕುಡಿದು ಬೆಳೆದದ್ದು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವ ನಾನು. ಆ ಬೀದಿಯಲ್ಲಿ ನನಗೂ ಒಂದು ಪಾಲಿದೆ ಅಂದುಕೊಂಡೇ ಕಾಲಿಟ್ಟೆ.

ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕೊಂಡುಕೊಂಡೆ. ಹೋಟೆಲು ಹೊಕ್ಕು, ಪುಸ್ತಕ ಮೇಜಿನ ಮೇಲಿಟ್ಟು ದೋಸೆಗೆ ಹೇಳಿದೆ. ಎದುರಿಗೆ ಕೂತ ಹಿರಿಯರು ಕೇಳಿದರು: ‘ಯಾವೂರಪ್ಪಾ ನಿಂದು?’

‘ಉಡುಪಿ ಹತ್ರ. ಉದ್ಯಾವರ.’

‘ಓಹೋ, ಉಡುಪಿ! ಹಾಗಾದ್ರೆ ನೀವು ನಮ್ಮೋರೇ ಅನ್ನಿ. ಭಟ್ರಾ, ರಾಯರಾ?’

‘ನಿಂದು’ ಹೋಗಿ ‘ನೀವು’ ಬಂತು. ನಾನು ತಲೆಯಾಡಿಸಿದೆ. ಅಷ್ಟೇ ಅಲ್ಲ, ಕೈ ತಾನಾಗಿ ಹೋಗಿ ಪುಸ್ತಕವನ್ನು ಬೋರಲು ಹಾಕಿತು. ಅವರು ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು. ಅವರ ಮುಖದಲ್ಲಿ ವಿಷವಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಆ ಪ್ರೀತಿ ನನಗೆ ಕೊಟ್ಟದ್ದಲ್ಲ. ಇಲ್ಲದ ಒಬ್ಬ ಭಟ್ಟರ ಮಗನಿಗೆ ಕೊಟ್ಟದ್ದನ್ನು ನಾನು ತಿಂದೆ.

ಉಡುಪಿ ಅಂದರೆ ದೇಶಕ್ಕೆಲ್ಲ ಹೋಟೆಲಿನ ಹೆಸರು. ನಮ್ಮ ಅಜ್ಜಿಗೆ ಹೋಟೆಲು ಅಂದರೆ ಚಾದಂಗಡಿಯ ಮಾಡಿಗೆ ಸಿಕ್ಕಿಸಿಟ್ಟ ತೆಂಗಿನ ಗೆರಟೆ. ತಾನೇ ತೆಗೆದು, ತಾನೇ ತೊಳೆದು, ಅಂಗಳದಲ್ಲಿ ನಿಂತು ಹಿಡಿದರೆ ಮೇಲಿಂದ ಚಾ ಹೊಯ್ಯುತ್ತಿದ್ದರು. ನಮ್ಮ ಪಕ್ಕದ ಕೊರಗರ ಪಾಡು ಇನ್ನೂ ಕೆಳಗೆ. ಎಂಜಲಿಗೆ ಕೂದಲು, ಉಗುರು ಬೆರೆಸಿ ಅವರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕರ್ನಾಟಕ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಮಸಾಲೆ ದೋಸೆಯ ಕೀರ್ತಿ ಹುಟ್ಟಿದ ಮಣ್ಣೂ ಅದೇ, ಈ ಎಂಜಲಿನ ಮಣ್ಣೂ ಅದೇ.

ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲು ಎಂದು ಹೆಸರು ಹಿಡಿದೇ ಬರೆದಿದೆ. ಅಷ್ಟು ದೊಡ್ಡ ಪುಸ್ತಕದಲ್ಲಿ ಇಷ್ಟು ಚಿಕ್ಕ ಮಾತು ಯಾಕೆ ಎಂದು ಓದುವಾಗ ಅನ್ನಿಸಿತ್ತು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹೇಳಿದರು: ಅಂಗಡಿ ಎಂಬ ಮಾತು ಒಳಗೆ ಬಿಟ್ಟುಕೊಳ್ಳುವುದಕ್ಕೆ ಮಾತ್ರ ಸೇರಿದ್ದಲ್ಲ, ಹಣಕ್ಕೆ ಸೇವೆ ಕೊಡುವವರೆಲ್ಲ ಅದರಲ್ಲಿ ಬರುತ್ತಾರೆ. ಅಂದರೆ ಬಾಗಿಲು ದಾಟಿದರೆ ಎಲ್ಲ ಮುಗಿಯಿತು ಅಂತಲ್ಲ. ಇದನ್ನು ಅವರು ಉಂಡು ಬಲ್ಲವರು. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದು ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ತಲೆ ಊರಲು ಜಾಗ ಸಿಗದೆ, ಪಾರ್ಸಿ ಹೆಸರು ಬರೆಸಿ ಪಾರ್ಸಿ ಛತ್ರದಲ್ಲಿ ಉಳಿದರು. ಗುಟ್ಟು ರಟ್ಟಾದಾಗ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಅಂಥ ವಿದ್ಯಾವಂತ ಪಾರ್ಕಿನಲ್ಲಿ ಕೂತು ಅತ್ತರು.

ಹಾಗಾದರೆ ಬಾಬಾಸಾಹೇಬರು ಸುಳ್ಳು ಹೇಳಿದರೇ? ಹೇಳಿದರು. ಆ ಸುಳ್ಳನ್ನು ಅವರ ಲೆಕ್ಕಕ್ಕೆ ಬರೆಯುವವನು ಮನುಷ್ಯನಲ್ಲ. ಸೂರು ಬೇಕಾದವನಿಂದ ಹೆಸರು ಕಿತ್ತುಕೊಂಡದ್ದು ಜಾತಿ. ಇವತ್ತಿಗೂ ಬಾಡಿಗೆ ಮನೆಗೆ, ಕೆಲಸಕ್ಕೆ ಅಂತ ಮನೆಹೆಸರು ಮುಚ್ಚಿಕೊಂಡವರು ನಮ್ಮಲ್ಲಿ ಇದ್ದಾರೆ. ಅವರನ್ನು ಹೇಡಿ ಅನ್ನಲು ನನಗೆ ಬಾಯಿಲ್ಲ.

ಆದರೆ ನನ್ನ ಸುಳ್ಳು? ಅಲ್ಲಿ ದೊಣ್ಣೆ ಇರಲಿಲ್ಲ. ಹೋಗುವುದಿದ್ದರೆ ಒಂದು ಬಟ್ಟಲು ಚಟ್ನಿ ಹೋಗುತ್ತಿತ್ತು. ಬಾಬಾಸಾಹೇಬರು ಮರೆ ಮಾಡಿದ್ದನ್ನು ಮುಂದೆ ತಾವೇ ಬರೆದಿಟ್ಟರು. ನಾನು, ಲೋಕದ ಮುಂದೆ ಬಂದಾಗಿದ್ದ ಪುಸ್ತಕವನ್ನು ಬೋರಲು ಹಾಕಿದೆ. ಆ ಹಾಡುಗಳು 1975ರಲ್ಲಿ ಅಚ್ಚಾದವು. ಅದಕ್ಕೆ ಎರಡು ವರ್ಷ ಮುಂಚೆ, 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಗಿತ್ತು. ಅಷ್ಟು ಬೆಲೆ ತೆತ್ತು ನಮ್ಮ ಮಾತು ಅಂಗಡಿಯ ಕಪಾಟಿಗೆ ಬಂದಿದೆ. ಕಪಾಟಿನಲ್ಲಿ ನಮ್ಮ ಪುಸ್ತಕ ತಲೆಯೆತ್ತಿ ನಿಂತಿದೆ, ಮೇಜಿನಲ್ಲಿ ನಾವು ತಲೆ ತಗ್ಗಿಸಿ ಕೂತಿದ್ದೇವೆ.

‘ಪಟ್ಟಣದಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಅದೇ ದೊಡ್ಡದಲ್ವಾ ಮಾರಾಯ?’ ಅನ್ನುತ್ತಾನೆ ಗೆಳೆಯ. ದೊಡ್ಡದೇ. ನಮ್ಮ ಅಜ್ಜಿಗೆ ಆ ಮರೆ ಒಂದು ದಿನಕ್ಕೂ ಸಿಗಲಿಲ್ಲ. ಆದರೆ ಮರೆ ಬೇರೆ, ಸಮಾನತೆ ಬೇರೆ. ಕೇಳದೇ ಇದ್ದಾಗ ಜೊತೆಗೆ ಕೂರುವುದು ಮರೆ. ಕೇಳಿ, ಉತ್ತರ ಸಿಕ್ಕಿದ ಮೇಲೂ ಬಟ್ಟಲು ಸರಿಸಿದರೆ ಅದು ಸಮಾನತೆ. ನಾನು ತಲೆಯಾಡಿಸಿ ಆ ಹಿರಿಯರಿಗೂ ಮೋಸ ಮಾಡಿದೆ. ಅವರು ಬಟ್ಟಲು ಸರಿಸುತ್ತಿದ್ದರೋ ಇಲ್ಲವೋ, ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಹೋಟೆಲಿಗೆ ಹೋದೆ. ಎದುರಿಗೆ ಬೇರೆಯವರು. ಪ್ರಶ್ನೆ ಅದೇ. ‘ಉದ್ಯಾವರ. ಹೊಲೆಯರು ನಾವು’ ಅಂದೆ. ಅವರ ಲೋಟ ಒಂದು ಕ್ಷಣ ತುಟಿಯ ಹತ್ತಿರ ನಿಂತಿತು. ‘ಹೌದಾ’ ಅಂದರು. ಪೇಪರು ಬಿಡಿಸಿದರು. ಎದ್ದು ಹೋಗಲಿಲ್ಲ, ಮತ್ತೆ ಮಾತಾಡಲೂ ಇಲ್ಲ. ನನ್ನ ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ದೋಸೆಯ ರುಚಿ ನಿನ್ನೆಯದೇ. ಪುಸ್ತಕ ಮಾತ್ರ ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದಿತ್ತು. ಪೇಪರಿನ ಅಂಚಿನಿಂದ ಅವರು ಅದರ ಹೆಸರು ಓದುತ್ತಿದ್ದರು.