ಹಸಿ ಮನುಷ್ಯ, ಹಣ್ಣಾದ ಮನುಷ್ಯ

ನಮ್ಮ ಬ್ಯಾಂಕಾಕ್ ಟೀಮಿನ ಹುಡುಗನೊಬ್ಬ ಮದುವೆಗೆ ಮುಂಚೆ ಹದಿನೈದು ದಿನ ರಜೆ ಹಾಕಿದ. ತಲೆ ಬೋಳಿಸಿಕೊಂಡು ಭಿಕ್ಷುವಾಗಿ ಇದ್ದು ಬರ್ತೀನಿ ಅಂದ. ಥಾಯ್ ಬೌದ್ಧರಲ್ಲಿ ಅದು ವಾಡಿಕೆ. ಹಾಗೆ ಒಮ್ಮೆಯೂ ಭಿಕ್ಷುವಾಗದ ಗಂಡಸಿಗೆ ‘ಖೊನ್ ದಿಪ್’, ಅಂದ್ರೆ ಹಸಿ ಮನುಷ್ಯ ಅಂತಾರೆ. ಆಗಿ ಬಂದವನು ‘ಖೊನ್ ಸುಕ್’, ಹಣ್ಣಾದವನು. ಅದರ ಪುಣ್ಯ ತಾಯಿಗೆ. ಮಗನ ಕಾವಿಯ ಅಂಚು ಹಿಡಿದು ಅವಳು ಸ್ವರ್ಗ ಸೇರ್ತಾಳೆ ಅನ್ನೋ ನಂಬಿಕೆ.

ಅದೇ ಭಾಷೆಯಲ್ಲಿ ‘ಖುನ್ ಖ್ರೂ’ ಅನ್ನೋ ಮಾತೂ ಇದೆ. ಖ್ರೂ ಅಂದ್ರೆ ನಮ್ಮ ಗುರುವೇ. ಆದರೆ ಈ ಮಾತಿನ ಅರ್ಥ, ಹುಡುಗ ಮೊದಲ ಸಲ ವೇಶ್ಯೆಯ ಹತ್ತಿರ ಹೋಗಿ ‘ಕಲಿಯೋದು’. ಹಿಂದಿನ ತಲೆಮಾರಿನಲ್ಲಿ ಗೆಳೆಯರೇ ಕುಡಿಸಿ ಗುಂಪಲ್ಲಿ ಕರೆದೊಯ್ಯುತ್ತಿದ್ದರು.

ಒಂದೇ ಹುಡುಗನಿಗೆ ಎರಡು ಪರೀಕ್ಷೆ. ಒಂದರಲ್ಲಿ ಆಸೆ ಗೆಲ್ಲಬೇಕು, ಇನ್ನೊಂದರಲ್ಲಿ ಆಸೆ ತೋರಿಸಬೇಕು. ಯಾವುದು ಗಂಡಸುತನ? ನನಗನ್ನಿಸೋದು, ಎರಡರಲ್ಲೂ ಮಾರ್ಕ್ಸ್ ಕೊಡೋರು ಬೇರೆಯವರು. ಆದರೆ ಎರಡನೆಯದರ ಫೀಸು ಕಟ್ಟೋದು ಹೆಂಗಸರು.

ಥಾಯ್ಲೆಂಡಿನಲ್ಲಿ ಬಹುಪತ್ನಿತ್ವ ಕಾನೂನಿನಿಂದ ಹೋಗಿದ್ದು 1935ರಲ್ಲಿ. ‘ಮಿಯಾ ನೊಯ್’, ಅಂದ್ರೆ ಚಿಕ್ಕ ಹೆಂಡತಿ, ಮಾತ್ರ ಉಳಿದಳು. ಹೆಂಡತಿ ಒಮ್ಮೆ ತಪ್ಪಿದರೂ ಗಂಡ ವಿಚ್ಛೇದನ ಕೇಳಬಹುದಿತ್ತು. ಹೆಂಡತಿ ಕೇಳಬೇಕಾದರೆ, ಗಂಡ ಇನ್ನೊಬ್ಬಳನ್ನು ಹೆಂಡತಿಯ ಹಾಗೆ ಸಾಕಿದ್ದಾನೆ ಅಂತ ತೋರಿಸಬೇಕಿತ್ತು. ಇದು ಸರಿಹೋಗಿದ್ದು 2007ರಲ್ಲಿ. ಎಚ್‌ಐವಿ ಹರಡಿದಾಗಲಂತೂ ಗಂಡನನ್ನು ಬಿಟ್ಟು ಯಾರನ್ನೂ ಮುಟ್ಟದ ಹೆಣ್ಣುಮಕ್ಕಳಿಗೂ ರೋಗ ಬಂತು.

ಆಮೇಲೆ 1991ರಲ್ಲಿ ಸರ್ಕಾರ ದೇಶವಿಡೀ ನಿಯಮ ತಂತು: ವೇಶ್ಯಾಗೃಹಗಳಲ್ಲಿ ಕಾಂಡೋಮ್ ಕಡ್ಡಾಯ. ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಹೋಗೋ ಗಂಡಸರ ಸಂಖ್ಯೆಯೂ ಬಹಳ ಇಳಿಯಿತು. ‘ಗಂಡಸರ ಸ್ವಭಾವವೇ ಹಂಗೆ’ ಅನ್ನೋದು ನಿಜವಾಗಿದ್ದರೆ ಅಷ್ಟು ಬೇಗ ಬದಲಾಗ್ತಿತ್ತಾ?

ಥಾಯ್ ಗಂಡಸರೆಲ್ಲ ಹೀಗೆ ಅಂತಲ್ಲ. ಬೆರಳು ತೋರಿಸೋ ಯೋಗ್ಯತೆ ನನಗೂ ಇಲ್ಲ. ಗೆಳೆಯನ ಮದುವೆಗೆ ಮುಂಚೆ ಬೆಂಗಳೂರಿನಿಂದ ಐದು ಜನ ಪಟ್ಟಾಯಕ್ಕೆ ಹೋಗಿದ್ವಿ. ಎರಡನೇ ರಾತ್ರಿ ಅವರೆಲ್ಲ ಹೊರಟಾಗ ನಾನು ಹೊಟ್ಟೆನೋವು ಅಂದು ರೂಮಲ್ಲೇ ಮಲಗಿದೆ. ಹೊಟ್ಟೆಗೆ ಏನೂ ಆಗಿರಲಿಲ್ಲ. ‘ನಂಗೆ ಇಷ್ಟ ಇಲ್ಲ, ನೀವೂ ಹೋಗಬೇಡಿ’ ಅನ್ನೋ ಮಾತು ಬಾಯಿಗೆ ಬರಲಿಲ್ಲ, ಅಷ್ಟೆ. ನಗ್ತಾರೆ ಅನ್ನೋ ಭಯ.

ಮದುವೆಯಾಗಿ ಮಗನಿದ್ದಾನೆ ಈಗ. ಆ ರಾತ್ರಿ ನೆನೆದರೆ ಅನ್ನಿಸುತ್ತೆ, ಹಸಿಯಾಗಿದ್ದದ್ದು ಅಲ್ಲಿ.