ಹಾಡು ಬೇಕೋ, ಹಾಡುವವನು ಬೇಕೋ?

(ಠಾಣಾ ಕುಶನೂರಿನ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 9:26-27)

ಬೀದರ್, ಭಾಲ್ಕಿ, ಔರಾದ ಕಡೆಯವರು ಇದ್ದೀರಿ. ಬೆಂಗಳೂರು, ಹೈದರಾಬಾದ್‌ನಲ್ಲಿ ಕೆಲಸ ಮಾಡ್ತಾ ರಜೆಗೆ ಬಂದವರೂ ಇದ್ದೀರಿ. ಕರ್ತನಿಗೆ ಸ್ತೋತ್ರ.

ಮಧ್ಯಾಹ್ನ ಊಟ ಆದಮೇಲೆ ಇಬ್ಬರು ತಮ್ಮಂದಿರು ಹೊರಗೆ ಜೋರಾಗಿ ವಾದ ಮಾಡ್ತಿದ್ದರು. ನಾನು ಹತ್ತಿರ ಹೋದ ಕೂಡಲೇ ಮೊಬೈಲ್ ಜೇಬಿಗೆ ಹೋಯಿತು. "ಏನ್ ಕೇಳ್ಲತ್ತೀರಿ, ನನಗೂ ಹೇಳ್ರಿ" ಅಂದೆ. ಮಾತು ಹನುಮಾನ್‌ಕೈಂಡ್ ಬಗ್ಗೆ. ಬೆಂಗಳೂರಿನಲ್ಲಿ ಹೆಸರು ಮಾಡಿದ ರ‍್ಯಾಪರ್. 2024ರ ಜುಲೈನಲ್ಲಿ ಬಂದ ಅವರ 'ಬಿಗ್ ಡಾಗ್ಸ್' ಹಾಡು, ಅದೇ ಜಾತ್ರೆಯ ಮೌತ್ ಕಾ ಕುವಾದೊಳಗೆ ಗಾಡಿ ಓಡಿಸುವ ವಿಡಿಯೋ, ನಿಮಗೆಲ್ಲ ಗೊತ್ತು. ಮುಂದೆ ಏನು ಬರ್ತದೆ ಅಂತ ಹುಡುಗರು ಕಾದರು. 2025ರ ಜುಲೈನಲ್ಲಿ 'ಮಾನ್ಸೂನ್ ಸೀಸನ್' ಬಂತು. ಒಬ್ಬ ಹೇಳ್ತಾನೆ, "ಆ ಬೆಂಕಿ ಇಲ್ರಿ ಪಾಸ್ಟರ್, ಠಂಡಾ ಆಗ್ಯಾನ." ಇನ್ನೊಬ್ಬ, "ಇಲ್ರಿ, ಈಗೇ ದಿಲ್‌ನಿಂದ ಹೇಳ್ಲತ್ತಾನ."

ನಾನು ತೀರ್ಪು ಕೊಡಲಿಲ್ಲ. ರ‍್ಯಾಪ್ ಕೇಳಬಹುದಾ ಕೇಳಬಾರದಾ ಅನ್ನೋದು ಇವತ್ತಿನ ವಿಷಯವೂ ಅಲ್ಲ. ನಾನು ಚಿಕ್ಕವನಿದ್ದಾಗ ಸಭೆಯಲ್ಲಿ ಢೋಲಕ್, ತಾಳ, ಹಾರ್ಮೋನಿಯಂ. ಕೀಬೋರ್ಡ್ ಬಂದಾಗ ಹಿರಿಯರು ಮುಖ ಸಿಂಡರಿಸಿದರು. ಈಗ ಅದೇ ಹಿರಿಯರು ಕೀಬೋರ್ಡ್ ಇಲ್ಲದಿದ್ದರೆ ಆರಾಧನೆ ಸಪ್ಪೆ ಅಂತಾರೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಕನ್ನಡದ ಬಾಯಿಗೆ ಜರ್ಮನ್ ರಾಗ ಕಲಿಸಿದರು. ಆಗ ಹೊಸದಾಗಿದ್ದ ರಾಗವನ್ನೇ ಇವತ್ತು ನಾವು 'ಹಳೇ ಕೀರ್ತನೆ' ಅನ್ನುತ್ತೇವೆ. ಕಿವಿ ಬದಲಾಗ್ತದೆ. ಅದು ಪಾಪ ಅಲ್ಲ.

ನನ್ನ ಪ್ರಶ್ನೆ ಬೇರೆ. ಒಬ್ಬ ಮನುಷ್ಯ ಬದಲಾಗುವಾಗ, ನೋಡುವ ನಾವು ಅವನಿಗೆ ಏನು ಸಾಲ ಇದ್ದೇವೆ?

ಇದನ್ನ ನಾನು ಕಲಿತದ್ದು ಇನ್ನೊಂದು ಆಲ್ಬಮ್‌ನಿಂದ. ಅಮೆರಿಕದ ಕಾನ್ಯೆ ವೆಸ್ಟ್, 2018ರ ಸೆಪ್ಟೆಂಬರ್ 29ಕ್ಕೆ 'ಯಾಂಧಿ' ಅನ್ನೋ ಆಲ್ಬಮ್ ಬರ್ತದೆ ಅಂದರು. ಬರಲಿಲ್ಲ. ನವೆಂಬರ್ ಅಂದರು. ಆಗಲೂ ಇಲ್ಲ. ನಡುವೆ ಅವರೇ ಯೇಸುವನ್ನು ನಂಬಿದ್ದೇನೆ ಅಂದರು. ಕೊನೆಗೆ 2019ರ ಅಕ್ಟೋಬರ್ 25ರಂದು 'ಜೀಸಸ್ ಈಸ್ ಕಿಂಗ್' ಬಂತು. 11 ಹಾಡು, 27 ನಿಮಿಷ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ.

ಹಳೇ ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಬೇಜಾರು. ಸೋರಿಕೆಯಾಗಿದ್ದ 'ಯಾಂಧಿ' ಹಾಡುಗಳೇ ಮೇಲು, ನಮಗೆ ಹಳೇ ಕಾನ್ಯೆ ಕೊಡಿ ಅಂದರು. ನಮ್ಮವರು? ನಾವು ಕುಣಿದಾಡಿದೆವು. ನಾನೇ ಒಂದು ಭಾನುವಾರ ನಿಂತು, "ನೋಡಿರಿ, ಲೋಕದ ದೊಡ್ಡ ರ‍್ಯಾಪರ್ ಈಗ ನಮ್ಮವನು" ಅಂದೆ. ಹಲ್ಲೆಲೂಯ ಎಷ್ಟು ಜೋರಾಗಿ ಬಂತು ಅಂದರೆ!

2022ರಲ್ಲಿ ಅದೇ ಬಾಯಿಂದ ಯೆಹೂದ್ಯರ ಮೇಲೆ ದ್ವೇಷದ ಮಾತು ಬಂತು. ಅಡಿದಾಸ್ ಕಂಪನಿ ಅವರ ಜೊತೆಗಿನ ಒಪ್ಪಂದ ಕಡಿದುಕೊಂಡದ್ದು 2022ರ ಅಕ್ಟೋಬರ್ 25ಕ್ಕೆ. ಆಲ್ಬಮ್ ಬಂದು ಸರಿಯಾಗಿ ಮೂರು ವರ್ಷ. ಆ ಮಾತು ತಪ್ಪು, ಅದಕ್ಕೆ ನಾನು ಸಮಾಧಾನ ಹೇಳುವುದಿಲ್ಲ. ನಮ್ಮ ಕರ್ತನೇ ಯೆಹೂದ್ಯಳಾದ ತಾಯಿಯ ಮಗ. ಆದರೆ ನಾನು ಏನು ಮಾಡಿದೆ ಗೊತ್ತಾ? ಸುಮ್ಮನಾದೆ. ಆ ಹೆಸರನ್ನೇ ಬಿಟ್ಟೆ. ನಮಗೆ ಸಾಕ್ಷಿ ಬೇಕಿತ್ತು, ಮನುಷ್ಯ ಬೇಕಿರಲಿಲ್ಲ.

ದೂರದ ಮನುಷ್ಯನ ವಿಷಯ ಬಿಡಿ. ಹತ್ತಿರದ್ದು ಹೇಳ್ತೀನಿ.

ನಮ್ಮ ಸಭೆಗೆ ಒಬ್ಬ ಹುಡುಗ ಬಂದ. ಲಗ್ನದ ಬ್ಯಾಂಡ್‌ನಲ್ಲಿ ಹಾಡ್ತಿದ್ದ. ಕನ್ನಡ, ಮರಾಠಿ, ಹಿಂದಿ, ಏನು ಕೊಟ್ಟರೂ ಹಾಡುವ ಗಂಟಲು. ಕರ್ತನನ್ನು ಒಪ್ಪಿಕೊಂಡ, ದೀಕ್ಷಾಸ್ನಾನ ಆಯಿತು. ಮೂರನೇ ವಾರಕ್ಕೆ ನಾನು ಅವನನ್ನು ಸ್ಟೇಜ್ ಮೇಲೆ ನಿಲ್ಲಿಸಿದೆ. ಬ್ಯಾನರ್ ಮೇಲೆ ಅವನ ಫೋಟೋ ನನ್ನ ಫೋಟೋಗಿಂತ ದೊಡ್ಡದು. ಹಳೇ ದೋಸ್ತರು, "ಬ್ಯಾಂಡ್‌ನಾಗ ಇದ್ದಾಗೇ ಛಲೋ ಹಾಡ್ತಿದ್ದಿ" ಅಂತ ನಗ್ತಿದ್ದರು. ನಾವು ಆಮೆನ್ ಅಂತಿದ್ದೆವು. ರಾತ್ರಿ ನಿದ್ದೆ ಬರ್ತದಾ, ಸಾಲ ಎಷ್ಟದ, ಮನೆಯಲ್ಲಿ ಏನು ನಡೀತಿದೆ ಅಂತ ಕೇಳಿದವರು ಯಾರೂ ಇಲ್ಲ. ಕೆಲವು ತಿಂಗಳಿಗೆ ಮತ್ತೆ ಕುಡಿತ ಶುರುವಾಯಿತು. ಮುಂದಿನ ಕೂಟದ ಬ್ಯಾನರ್‌ನಿಂದ ಅವನ ಫೋಟೋ ತೆಗೆಯಿರಿ ಅಂತ ಪ್ರಿಂಟ್ ಹಾಕುವವನಿಗೆ ಫೋನ್ ಮಾಡಿದ್ದು ನಾನೇ. ಅವನಿಗೆ ಮಾತ್ರ ಫೋನ್ ಮಾಡಲಿಲ್ಲ.

ಬಹಳ ದಿನ ಬಿಟ್ಟು ಹುಡುಕಿಕೊಂಡು ಹೋದೆ. ಗ್ಯಾರೇಜ್‌ನಲ್ಲಿ ಕೆಲಸಕ್ಕಿದ್ದ. ಕೈ ಒರೆಸಿಕೊಳ್ತಾ ಹೇಳಿದ, "ಅವರಿಗಿ ನನ್ನ ಹಳಾ ಹಾಡು ಬೇಕಿತ್ತು, ನಿಮಗ ಹೊಸಾ ಹಾಡು ಬೇಕಿತ್ತು ಪಾಸ್ಟರ್. ನಾ ಯಾರಿಗಿ ಬೇಕಿದ್ದೆರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ವಾಕ್ಯಕ್ಕೆ ಬನ್ನಿ. ಸೌಲನು ಯೆರೂಸಲೇಮಿಗೆ ಬಂದಾಗ ಶಿಷ್ಯರು ಅವನಿಗೆ ಹೆದರಿದರು. ಅವರ ಹೆದರಿಕೆ ಸುಳ್ಳಲ್ಲ. ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಬಟ್ಟೆ ಕಾಯ್ದವನು ಇವನೇ. ಆಗ ಬಾರ್ನಬನು ಅವನನ್ನು ಜೊತೆಗೆ ಕರಕೊಂಡು ಅಪೊಸ್ತಲರ ಬಳಿಗೆ ಹೋದ. ದಾರಿಯಲ್ಲಿ ಏನಾಯಿತು ಅಂತ ವಿವರಿಸಿದ. ವಿವರಿಸಬೇಕಾದರೆ ಮೊದಲು ಕೂತು ಕೇಳಿರಬೇಕು, ಅಲ್ಲವಾ?

ಸೌಲನು ದಮಸ್ಕದಲ್ಲಿ ಕೂಡಲೇ ಸಾರಿದ, ನಿಜ. ಹೊಸ ವಿಶ್ವಾಸಿಯ ಬಾಯಿ ಮುಚ್ಚಿಸಿರಿ ಅಂತ ನಾನು ಹೇಳ್ತಿಲ್ಲ. ಆದರೆ ಗಲಾತ್ಯ 1:17-18 ನೋಡಿ. ಅರೇಬಿಯಕ್ಕೆ ಹೋದ, ಮೂರು ವರ್ಷ ಆದಮೇಲೆ ಯೆರೂಸಲೇಮಿಗೆ ಬಂದ. ಆಮೇಲೆ ತಾರ್ಸಕ್ಕೆ ಹೋದ. ಎಷ್ಟೋ ಕಾಲದ ನಂತರ ಬಾರ್ನಬನೇ ಅಲ್ಲಿಗೆ ಹುಡುಕಿಕೊಂಡು ಹೋದದ್ದು ಅಪೊಸ್ತಲರ ಕೃತ್ಯ 11:25ರಲ್ಲಿದೆ. ದೇವರು ಸೌಲನಿಗೆ ಬ್ಯಾನರ್ ಹಾಕಿಸಲಿಲ್ಲ. ಕಾಲ ಕೊಟ್ಟನು, ಜೊತೆಗೆ ಒಬ್ಬ ಸ್ನೇಹಿತನನ್ನೂ ಕೊಟ್ಟನು. ಹೊಸ ವಿಶ್ವಾಸಿಯನ್ನು ಸಭಾಧ್ಯಕ್ಷನಾಗಿ ನೇಮಿಸಬೇಡ ಅಂತ 1 ತಿಮೊಥೆ 3:6ರಲ್ಲಿ ಪೌಲನು ಹೇಳಿದಾಗ, ಆ ಮಾತಿನ ಹಿಂದೆ ತನ್ನ ಆ ವರ್ಷಗಳ ನೆನಪೂ ಇತ್ತೋ ಏನೋ ಅಂತ ನನಗೆ ಅನ್ನಿಸ್ತದೆ.

ಪ್ರಿಯರೇ, ಹಳೇದೇ ಬೇಕು ಅನ್ನುವ ಅಭಿಮಾನಿ ಒಬ್ಬನನ್ನು ಹಿಂದಕ್ಕೆ ಎಳೀತಾನೆ. ಹೊಸದನ್ನು ಮೆರೆಸುವ ಸಭೆ ಅವನನ್ನು ಮುಂದಕ್ಕೆ ದಬ್ಬುತ್ತದೆ. ಇಬ್ಬರಿಗೂ ಬೇಕಾದದ್ದು ಹಾಡು. ಪ್ರೀತಿ ಹಾಗಲ್ಲ. ಅದು ಬಿಡುಗಡೆಯ ದಿನಾಂಕ ಕೇಳುವುದಿಲ್ಲ. ತಪ್ಪನ್ನು ತಪ್ಪು ಅಂತಲೇ ಹೇಳಿ, ಆಮೇಲೂ ಪಕ್ಕದಲ್ಲಿ ಕೂತಿರ್ತದೆ.

ಇಂಥವನು ನಿಮ್ಮ ರೂಮಿನಲ್ಲೇ ಇರಬಹುದು. ಪಿಜಿಯಲ್ಲಿ, ಆಫೀಸಿನಲ್ಲಿ, ನಿಮ್ಮ ಸ್ವಂತ ಅಣ್ಣನೇ ಇರಬಹುದು. ಅಥವಾ ಅದು ನೀವೇ ಇರಬಹುದು, ಮೊದಲಿನ ಹಾಗೆ ಪ್ರಾರ್ಥನೆ ಬರ್ತಿಲ್ಲ ಅಂತ ನಿಮ್ಮನ್ನೇ ನೀವು ಬೈದುಕೊಳ್ತಿರಬಹುದು. ನಿಮ್ಮ ಹಳೇ ಹಾಡನ್ನು ಮತ್ತೆ ಹಾಡು ಅಂತ ಕರ್ತನು ನಿಮ್ಮನ್ನು ಪೀಡಿಸುತ್ತಿಲ್ಲ. ನೀವೇ ಆತನಿಗೆ ಬೇಕು.

ಆ ಹುಡುಗ ಈಗ ಮತ್ತೆ ಸಭೆಗೆ ಬರ್ತಾನೆ. ಕೊನೇ ಸಾಲಿನಲ್ಲಿ ಕೂಡ್ತಾನೆ, ಹಾಡುವುದಿಲ್ಲ. ಹಾಡು ಅಂತ ನಾವೂ ಕೇಳುವುದಿಲ್ಲ. ಆರಾಧನೆ ಮುಗಿದಮೇಲೆ ಚಹಾ ಕುಡೀತೇವೆ.

ಈಗ ಎಲ್ಲರೂ ಕಣ್ಣು ಮುಚ್ಚಿರಿ. ನೀವು ಕೈಬಿಟ್ಟ ಒಬ್ಬರ ಹೆಸರು ಮನಸ್ಸಿಗೆ ಬರ್ತಿದ್ದರೆ, ಆ ಹೆಸರನ್ನು ಮೆಲ್ಲಗೆ ಕರ್ತನ ಮುಂದೆ ಹೇಳಿರಿ. ಮನೆಗೆ ಹೋಗುವ ಮುಂಚೆ ಅವರಿಗೆ ಒಂದು ಫೋನ್ ಮಾಡಿರಿ. ಆಮೆನ್.